ಸೆಕೆಂಡ್ ಹ್ಯಾಂಡ್ ಸ್ಪೀಕರ್ ಕೇಬಲ್, 9,000 ಕೊಡಬಹುದಾ?

ಪ್ರಶ್ನೆ:
ನಾನು ತುಮಕೂರಿನವನು. 8 ಓಮ್ ಸ್ಪೀಕರ್ ಇವೆ. ಬೆಂಗಳೂರಿನ ಒಬ್ಬರು 3 ಮೀಟರ್‌ನ ಜೋಡಿ ಕೇಬಲ್ 9,000ಕ್ಕೆ ಕೊಡ್ತಾರಂತೆ. ಬಿಲ್ ಇಲ್ಲ, ಡಬ್ಬ ಇಲ್ಲ. ಹೋದ ವರ್ಷ ಹೀಗೇ ಒಂದು ತಗೊಂಡು ಕೈ ಸುಟ್ಟುಕೊಂಡೆ. ತುದಿಯಲ್ಲಿ ಸಿಕ್ಕಿಸೋ ಬನಾನಾ ಪ್ಲಗ್ ಬಿಚ್ಚಿ ಎಳೆಯನ್ನು ಬ್ಲೇಡಿನಿಂದ ಕೆರೆದರೆ ಮೇಲೆ ಕೆಂಪು ತಾಮ್ರ, ಒಳಗೆಲ್ಲ ಬಿಳಿ ಅಲ್ಯೂಮಿನಿಯಂ! ಈಗ ಬಾಲ್ಕನಿಯಲ್ಲಿ ಅದರ ಮೇಲೆ ಟವೆಲ್ ಒಣಗುತ್ತಿದೆ.

ಉತ್ತರ 1:
ಬಿಡಿ ಸಾರ್. 2.5 ಚದರ ಮಿಲಿಮೀಟರ್ ತಾಮ್ರದ ವೈರ್ 3 ಮೀಟರ್‌ಗೆ, ಹೋಗಿ ಬರೋದು ಸೇರಿ, ಕರೆಂಟಿಗೆ ಒಡ್ಡೋ ತಡೆ (ರೆಸಿಸ್ಟೆನ್ಸ್) ಸುಮಾರು 0.04 ಓಮ್ ಅಷ್ಟೇ. 8 ಓಮ್ ಮುಂದೆ ಅದು ಯಾವ ಲೆಕ್ಕ? ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಳ್ಳೆ ತಾಮ್ರದ ವೈರ್ ತಗೊಳ್ಳಿ.

ಉತ್ತರ 2:
ಲೆಕ್ಕ ಸರಿ, ಆದರೆ ಆಸೆಗೆ ಲೆಕ್ಕ ಇರುತ್ತಾ? ಕೊರಿಯರ್ ಮಾತ್ರ ಬೇಡ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಣ ಅಂತ ಕರೆಸಿಕೊಳ್ಳಿ. ಅವರೆದುರೇ ಒಂದು ಎಳೆ ಕೆರೆಯಿರಿ. ಮೇಲೆ ಬಿಳಿ, ಒಳಗೆ ಕೆಂಪು ಇದ್ದರೆ ಹೆದರಬೇಡಿ, ಅದು ತವರ ಲೇಪಿಸಿದ ತಾಮ್ರ. ಹಸಿರು ಕಿಲುಬು ಇದ್ದರೆ ರೇಟು ಇಳಿಸಿ. ಮಲ್ಟಿಮೀಟರ್ ತರಬೇಡಿ, ಇಷ್ಟು ಕಡಿಮೆ ಓಮ್ ಅದಕ್ಕೆ ಸರಿಯಾಗಿ ಕಾಣಲ್ಲ.

ಪ್ರಶ್ನೆ ಕೇಳಿದವರು:
ಬ್ಲೇಡ್ ವಿಷಯ ಹೇಳಿದೆ. "ಕೇಬಲ್ ಆಗಲೇ ಮಾರಾಟವಾಯ್ತು" ಅಂದರು. ಭಾನುವಾರ ಇಡ್ಲಿಗೆ ಯಾರು ಬರ್ತೀರಾ?