ಅಜ್ಜಿಯ ಅಡುಗೆಯಿಂದ ಜಮೈಕಾ ಪಾಠ: ಯಾವ ತಿನಿಸು ಆರಿಸಲಿ?

ಪ್ರಶ್ನೆ: ಕಿಂಗ್‌ಸ್ಟನ್‌ನಲ್ಲಿ ಮೇಷ್ಟ್ರು ನಾನು. ಫೆಬ್ರವರಿಯಲ್ಲಿ ಶಾಲೆಗಳಲ್ಲಿ ಆಚರಿಸುವ ಜಮೈಕಾ ಡೇಗೆ ಬರೀ ಬಾವುಟ, ಹಾಡು ಸಾಕಾಗಿದೆ. ನಮ್ಮಜ್ಜಿ ಭಾನುವಾರ ತೆಂಗಿನ ಹಾಲಲ್ಲಿ ಅನ್ನ, ಕಾಳು ಬೇಯಿಸುತ್ತಿದ್ದಳು. ಮೇಲೆ ಇಡೀ ಸ್ಕಾಚ್ ಬಾನೆಟ್ ಮೆಣಸಿನಕಾಯಿ. ಅದು ಒಡೆದರೆ ಮುಗೀತು, ಖಾರಕ್ಕೆ ಯಾರೂ ಉಣ್ಣುವ ಹಾಗಿಲ್ಲ! ಇಂಥದ್ದರಿಂದಲೇ ಇತಿಹಾಸ ಹೇಳಬೇಕು.

ಉತ್ತರ 1: ಆಕಿ ಅನ್ನೋ ಹಣ್ಣು, ಉಪ್ಪುಮೀನು ತಗೊಳ್ಳಿ. ರಾಷ್ಟ್ರೀಯ ತಿನಿಸು ಅಲ್ವಾ? ಆಕಿ ಪಶ್ಚಿಮ ಆಫ್ರಿಕಾದ್ದು. ಉಪ್ಪುಮೀನು ತೋಟದ ಗುಲಾಮರಿಗೆ ಕೊಡುತ್ತಿದ್ದ ಅಗ್ಗದ ಪಡಿ. ಆಕಿ ಮರದಲ್ಲೇ ತಾನಾಗಿ ಬಾಯಿಬಿಡಬೇಕು, ಕಾಯಿ ವಿಷ. ತರಗತಿಗೆ ಡಬ್ಬಿಯದೇ ವಾಸಿ.

ಉತ್ತರ 2: ಬ್ರೆಡ್‌ಫ್ರೂಟ್ (ದೀವಿ ಹಲಸು) ಮರೀಬೇಡಿ. 1793ರಲ್ಲಿ ಬ್ರಿಟಿಷ್ ಹಡಗಿನ ಕ್ಯಾಪ್ಟನ್ ಬ್ಲೈ ಇಲ್ಲಿಗೆ ಸಸಿ ತಂದ, ಅದೂ ಗುಲಾಮರ ಹೊಟ್ಟೆಗೆಂದೇ.

ಪ್ರಶ್ನೆ ಕೇಳಿದವರು: ಸರಿ, ಆಕಿಯೇ. ಮೇಕೆ ಕರಿಯನ್ನೂ ಸೇರಿಸುತ್ತೇನೆ. 1845ರಿಂದ ಬಂದ ಭಾರತೀಯ ಕೂಲಿಗಳ ಕಥೆ ಅದರಲ್ಲಿದೆ. ಮಕ್ಕಳಿಗೆ ಮೊದಲು ಊಟ, ಆಮೇಲೆ ಭೂಪಟ.