ಹಳೇ ಡೆಕಾಲ್ ನೀರಿಗೆ ಹಾಕಿದ ಕೂಡಲೇ ಚೂರಾಗುತ್ತಿದೆ, ಎಂತ ಮಾಡುವುದು?

ಪ್ರಶ್ನೆ (ಉಡುಪಿ)

ಅಣ್ಣ ಕಾಲೇಜಿನಲ್ಲಿದ್ದಾಗ ತಂದಿಟ್ಟಿದ್ದ 1/72 ಅಳತೆಯ ನ್ಯಾಟ್ ಯುದ್ಧವಿಮಾನದ ಮಾಡೆಲ್ ಕಿಟ್ ಅಟ್ಟದಲ್ಲಿ ಸಿಕ್ಕಿತು. ಪ್ಲಾಸ್ಟಿಕ್‌ಗೆ ಏನೂ ಆಗಿಲ್ಲ. ತಲೆನೋವು ಅದರ ಜೊತೆಗಿದ್ದ ಭಾರತೀಯ ವಾಯುಪಡೆ ಗುರುತುಗಳ ಡೆಕಾಲ್ (ನೀರಲ್ಲಿ ನೆನೆಸಿ ಮಾಡೆಲ್ ಮೇಲೆ ಅಂಟಿಸುವ ತೆಳು ಚಿತ್ರ) ಹಾಳೆಯದ್ದು. ಕೇಸರಿ ಮತ್ತು ಹಸಿರಿನ ನಡುವಿನ ಬಿಳಿ ಉಂಗುರ ಹಳದಿ ತಿರುಗಿದೆ. ಒಂದು ಚಿಕ್ಕ ನಂಬರ್ ಕತ್ತರಿಸಿ ನೀರಿಗೆ ಹಾಕಿದರೆ ಹಪ್ಪಳದ ಹಾಗೆ ಪುಡಿಪುಡಿ. ಹಳದಿ ಹೋಗಲು ಹಾಳೆಯನ್ನು ಕಿಟಕಿ ಗಾಜಿಗೆ ಅಂಟಿಸಿ ಬಿಸಿಲು ತೋರಿಸಿ ಅಂತಾರೆ. ಈ ಜುಲೈಯಲ್ಲಿ ಬಿಸಿಲು ಎಲ್ಲಿಂದ ತರುವುದು ಮಾರಾಯ್ರೆ?

ಉತ್ತರ (ಮಂಗಳೂರು, ಕದ್ರಿ)

ಬೇರೆ ಏನು ಮಾಡುವ ಮೊದಲೂ ಹಾಳೆಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಡಿ. ಎಡವಟ್ಟಾದರೆ ಮತ್ತೆ ಪ್ರಿಂಟ್ ಮಾಡಬಹುದು. ಆದರೆ ಮನೆಯ ಪ್ರಿಂಟರಿನಲ್ಲಿ ಬಿಳಿ ಇಂಕ್ ಇರುವುದಿಲ್ಲ. ಆ ಉಂಗುರಕ್ಕೆ ಬಿಳಿ ಡೆಕಾಲ್ ಪೇಪರೇ ಬೇಕು.

ಬಣ್ಣವನ್ನು ಹಿಡಿದುಕೊಂಡಿರುವ ತೆಳು ಫಿಲ್ಮ್ ವಯಸ್ಸಾದಂತೆ ಬಿರುಕು ಬಿಡುತ್ತದೆ. ಕಾಗದ ಇರುವವರೆಗೆ ಅದು ಕಾಣುವುದಿಲ್ಲ. ನೀರಲ್ಲಿ ಅಂಟು ಕರಗಿ ಕಾಗದ ಬಿಟ್ಟಾಗ ಬಿರುಕು ಇದ್ದಲ್ಲೇ ಒಡೆಯುತ್ತದೆ. ಅದಕ್ಕೆ ಮೇಲೆ ಹೊಸ ಫಿಲ್ಮ್ ಕೊಡಬೇಕು. ಮೈಕ್ರೋಸ್ಕೇಲ್ ಕಂಪನಿಯ ಲಿಕ್ವಿಡ್ ಡೆಕಾಲ್ ಫಿಲ್ಮ್ ಅನ್ನು ಬ್ರಶ್‌ನಲ್ಲಿ ತೆಳುವಾಗಿ ಹಚ್ಚಿ. ಹೊಳಪಿನ ಕ್ಲಿಯರ್ ಲ್ಯಾಕರ್ ಸ್ಪ್ರೇ ಕೂಡ ಆಗುತ್ತದೆ. ಒಣಗಿದ ಮೇಲೆ ಇಡೀ ಹಾಳೆ ಒಂದೇ ಡೆಕಾಲ್ ಆಗಿಬಿಡುತ್ತದೆ, ಹಾಗಾಗಿ ಒಂದೊಂದನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಿ.

ಲ್ಯಾಕರ್ ಆದರೆ ಮಳೆಗಾಲದಲ್ಲಿ ಖಂಡಿತ ಬೇಡ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತು ಬಿಳಿ ಮಂಕು ಬರುತ್ತದೆ. ಒಣ ಹವೆಯ ಊರಿನವರು ಬರೆದ ಸಲಹೆಯಲ್ಲಿ ಈ ಮಾತೇ ಇರುವುದಿಲ್ಲ. ಎಸಿ ಹಾಕಿದ ಮುಚ್ಚಿದ ಕೋಣೆಯಲ್ಲಿ ಸ್ಪ್ರೇ ಮಾಡುವ ಐಡಿಯಾವೂ ಬೇಡ. ಆ ಹೊಗೆ ಕುಡಿಯುವಂಥದ್ದಲ್ಲ, ಮತ್ತೆ ಮನೆಯವರು ನಿಮ್ಮನ್ನೇ ಹೊರಗೆ ಹಾಕ್ತಾರೆ.

ಹಳದಿಗೆ ಮಳೆ ಬಿಡುವವರೆಗೆ ಕಾಯುವುದೇ ಸರಿ. ಫಿಲ್ಮ್ ಹಚ್ಚುವ ಮೊದಲೇ ಬಿಸಿಲು ತೋರಿಸಿ. ಜಿಪ್ ಕವರಿನಲ್ಲಿ ಹಾಕಿ, ಪ್ರಿಂಟ್ ಇರುವ ಮುಖ ಹೊರಗೆ ಬರುವಂತೆ ಗಾಜಿಗೆ ಅಂಟಿಸಿ. ಹಳದಿ ಹೋಗುವಷ್ಟರಲ್ಲಿ ಕೇಸರಿಯೂ ಮಾಸಬಹುದು, ಆಗಾಗ ನೋಡ್ತಾ ಇರಿ.

ಉತ್ತರ (ಮಲ್ಪೆ)

ಮೇಲಿನದ್ದು ಸರಿಯಾಗಿಯೇ ಉಂಟು. ಅಂಟಿಸುವುದರ ಬಗ್ಗೆ ನನ್ನದೊಂದು ಮಾತು. ಮ್ಯಾಟ್ ಪೇಂಟಿನ ಮೇಲೆ ನೇರ ಅಂಟಿಸಬೇಡಿ. ಒರಟು ಮೇಲ್ಮೈಯ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡು ಡೆಕಾಲ್ ಸುತ್ತ ಬೆಳ್ಳಿ ಬಣ್ಣ ಹೊಳೆಯುತ್ತದೆ. ಮೊದಲು ಟಾಮಿಯಾ ಎಕ್ಸ್-22 ಥರದ ಹೊಳಪಿನ ಕ್ಲಿಯರ್ ಕೋಟ್ ಕೊಡಿ. ಅಂಟಿಸುವ ಜಾಗಕ್ಕೆ ಮೈಕ್ರೋ ಸೆಟ್ (ಡೆಕಾಲ್ ಚೆನ್ನಾಗಿ ಹಿಡಿಯಲು ಹಚ್ಚುವ ದ್ರವ), ಕೂತ ಮೇಲೆ ಮೈಕ್ರೋ ಸೋಲ್ (ಡೆಕಾಲ್ ಮೆತ್ತಗೆ ಮಾಡುವ ದ್ರವ). ಸೋಲ್ ಹಾಕಿದಾಗ ಡೆಕಾಲ್ ಸುಕ್ಕಾಗಿ ಭಯ ಹುಟ್ಟಿಸುತ್ತದೆ. ಆಗ ಬೆರಳು ತಾಗಿಸಬೇಡಿ, ಒಣಗುವಾಗ ತಾನಾಗಿ ಇಳಿಯುತ್ತದೆ. ಹೊಸ ಫಿಲ್ಮ್‌ನಿಂದ ದಪ್ಪ ಜಾಸ್ತಿಯಾಗಿರುತ್ತದೆ, ಒಂದೇ ಸಲಕ್ಕೆ ಪ್ಯಾನೆಲ್ ಗೆರೆಯೊಳಗೆ (ಮಾಡೆಲ್ ಮೈಮೇಲಿನ ಸಣ್ಣ ಗೀರುಗಳೊಳಗೆ) ಇಳಿಯದಿದ್ದರೆ ಸೋಲ್ ಇನ್ನೊಮ್ಮೆ ಹಾಕಿ. ಹಳೇ ಅಂಟು ಸತ್ತಿದ್ದರೆ ಫೆವಿಕಾಲ್‌ಗೆ ಜಾಸ್ತಿ ನೀರು ಸೇರಿಸಿ ಕೆಳಗೆ ಒಂದು ಹನಿ ಸಾಕು.

ಪ್ರಶ್ನೆ ಕೇಳಿದವರು

ಥ್ಯಾಂಕ್ಸ್. ಹಾಳೆ ಸ್ಕ್ಯಾನ್ ಆಯಿತು, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿದೆ. ಲಿಕ್ವಿಡ್ ಫಿಲ್ಮ್ ಬಂದ ಮೇಲೆ ಮೊದಲು ಬೇಡದ ಒಂದು ನಂಬರಿನ ಮೇಲೆ ನೋಡ್ತೇನೆ. ಅಲ್ಲಿವರೆಗೆ ರೆಕ್ಕೆ ಜೋಡಿಸುವ ಕೆಲಸ ಉಂಟಲ್ಲ.