ಯಕ್ಷಗಾನದ ಹೆಜ್ಜೆಯಲ್ಲಿ ಮ್ಯಾಕ್‌ಬೆತ್: ‘ಬರ್ನಂ ವನ’ದ ಕುರಿತು

ಉಡುಪಿಯ ವಿದ್ಯಾರ್ಥಿನಿ:
ಮಾನ್ಯರೇ, ರಂಗನಿರ್ದೇಶಕ ಬಿ. ವಿ. ಕಾರಂತರು ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಯಕ್ಷಗಾನದ ಶೈಲಿಯಲ್ಲಿ ಆಡಿಸಿದ್ದರೆಂದು ನಮ್ಮೂರಿನ ಭಾಗವತರೊಬ್ಬರು ಹೇಳಿದರು. ಅದು ಕನ್ನಡದಲ್ಲಿತ್ತೇ? ಅದಕ್ಕಿಂತ ಮೊದಲು ಈ ನಾಟಕ ಕನ್ನಡಕ್ಕೆ ಬಂದಿತ್ತೇ?

ಮಂಗಳೂರಿನ ರಂಗಾಸಕ್ತ:
ಕನ್ನಡದಲ್ಲಲ್ಲ, ಹಿಂದಿಯಲ್ಲಿ. ರಘುವೀರ ಸಹಾಯ್ ಅವರ ಅನುವಾದವನ್ನು ಆಧರಿಸಿ, 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗಾಗಿ (ಶಾಲೆಯ ವೃತ್ತಿಪರ ನಾಟಕ ತಂಡಕ್ಕಾಗಿ) ಕಾರಂತರು ‘ಬರ್ನಂ ವನ’ವನ್ನು ನಿರ್ದೇಶಿಸಿದರು. ನಮ್ಮ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದವರು ಸ್ಕಾಟ್ಲೆಂಡಿನ ದೊರೆಯ ಕಥೆಗೆ ಕರಾವಳಿಯ ಹೆಜ್ಜೆಗಳನ್ನು ಕೊಟ್ಟರೆಂಬುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ. ಕನ್ನಡಕ್ಕಂತೂ ಈ ನಾಟಕ ಬಹಳ ಹಿಂದೆಯೇ, ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ದ ರೂಪದಲ್ಲಿ ಬಂದಿತ್ತು.

ಬ್ರಹ್ಮಾವರದ ವೇಷಧಾರಿ:
ಈ ಕಥೆ ಯಕ್ಷಗಾನಕ್ಕೆ ಹೊಂದುತ್ತದೆಂದು ನಾನು ಬಲವಾಗಿ ನಂಬಿದ್ದೇನೆ. ಇಬ್ಬರು ತೆರೆ ಹಿಡಿದು ನಿಂತಿರುವಾಗ, ಚೆಂಡೆಯ ಪೆಟ್ಟು ಏರುತ್ತಿದ್ದಂತೆ, ಬಣ್ಣದ ವೇಷವು, ಅಂದರೆ ರಾಕ್ಷಸ ಪಾತ್ರವು, ಮೊದಲು ಕಿರೀಟದ ತುದಿಯನ್ನು, ಆಮೇಲೆ ಚಿಟ್ಟಿ (ಅಕ್ಕಿಹಿಟ್ಟಿನ ಉಬ್ಬು ಚುಕ್ಕೆಗಳು) ಇಟ್ಟ ಮುಖವನ್ನು ತೋರಿಸುತ್ತದೆ. ಕೊಲೆ ನಡೆಯುವ ಮೊದಲೇ ಅದರ ಭಯವನ್ನು ಹುಟ್ಟಿಸುವ ಶಕ್ತಿ ಈ ಕ್ರಮಕ್ಕಿದೆ. ಸೈನಿಕರು ಕೊಂಬೆಗಳನ್ನು ಹಿಡಿದು ಬರುವಾಗ ಬರ್ನಂ ಕಾಡೇ ನಡೆದು ಬಂದಂತೆ ಕಾಣಬೇಕಾದ ಕೊನೆಯ ದೃಶ್ಯಕ್ಕೂ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುವ ಗುಂಪೊಂದಿದ್ದರೆ ಸಾಕು, ಬೇರೆ ರಂಗಸಜ್ಜಿಕೆ ಬೇಡ.